ನಿನ್ನೆಯನ್ನು ಬಲ್ಲವರು

ಐದನೇ ತರಗತಿಯಲ್ಲಿ ಓದಲು ಬಾರದ ನಾಲ್ಕು ಮಕ್ಕಳಿದ್ದರೆ, ಮೇಷ್ಟ್ರ ಮೇಜಿನ ಕಡೆಯಿಂದ ನಾಲ್ವರೂ ಒಂದೇ ಥರ ಕಾಣುತ್ತಾರೆ. ಪುಸ್ತಕ ತೆಗೆಯಿರಿ ಎಂದರೆ ತೆಗೆಯುತ್ತಾರೆ. ಬೆರಳಿಟ್ಟು ಓದಿ ಎಂದರೆ ಪಕ್ಕದವನ ಬೆರಳು ಎಲ್ಲಿದೆ ಎಂದು ನೋಡಿ ಅಲ್ಲಿಗೆ ತಮ್ಮ ಬೆರಳನ್ನೂ ತರುತ್ತಾರೆ. ಇಡೀ ತರಗತಿ ಒಟ್ಟಾಗಿ ಓದುವಾಗ ಇವರ ಬಾಯಿಯೂ ಆಡುತ್ತದೆ, ಅರ್ಧ ಅಕ್ಷರ ಹಿಂದೆ. ಒಬ್ಬೊಬ್ಬರೇ ಓದುವ ಸರದಿ ಹತ್ತಿರ ಬಂದಾಗ ಬಾಯಾರುತ್ತದೆ, ಇಲ್ಲವೇ ಒಂದಕ್ಕೆ ಅವಸರವಾಗುತ್ತದೆ. ಮೌಲ್ಯಮಾಪನದ ಹಾಳೆಯಲ್ಲಿ ನಾಲ್ವರಿಗೂ ‘ಸಿ’. ಸ್ಟಾಫ್ ರೂಮಿನಲ್ಲಿ ನಾಲ್ವರ ಬಗ್ಗೆಯೂ ಒಂದೇ ಮಾತು: ಎಷ್ಟು ಹೇಳಿಕೊಟ್ಟರೂ ಅಷ್ಟೇ.

ಅತ್ತ ಹಳ್ಳಿಯಾಗಿ ಉಳಿಯದ, ಇತ್ತ ಬಡಾವಣೆಯೂ ಆಗದ, ಬೆಂಗಳೂರಿನ ಅಂಚಿನ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಅಂಥ ನಾಲ್ವರು ಒಂದೇ ವರ್ಷ, ಒಂದೇ ತರಗತಿಯಲ್ಲಿ ನನ್ನ ಪಾಲಿಗೆ ಬಂದರು. ಮಾರ್ಚ್ ಬರುವಷ್ಟರಲ್ಲಿ ನಾಲ್ವರ ಕಾರಣವೂ ಬೇರೆ ಬೇರೆ ಎಂದು ತಿಳಿದಿತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಆ ಕಾರಣಗಳಲ್ಲಿ ಒಂದನ್ನೂ ಪರೀಕ್ಷೆ ಹೇಳಲಿಲ್ಲ, ನಾವು ತುಂಬುವ ನಮೂನೆಗಳೂ ಹೇಳಲಿಲ್ಲ. ಪ್ರತಿ ಸಲವೂ ಹೇಳಿದ್ದು, ಆ ಮಗುವನ್ನು ಮೊದಲೇ ಕಂಡು ಬಲ್ಲ ಯಾರೋ ಒಬ್ಬರು.

ಒಬ್ಬನ ಕಿವಿ ಸೋರುತ್ತಿತ್ತು. ಅಷ್ಟೇ. ನೆಗಡಿಯ ದಿನಗಳಲ್ಲಿ ಅವನಿಗೆ ಕೇಳಿಸದು, ಬೇಸಿಗೆ ಬಂದರೆ ಒಂದಿಷ್ಟು ಕೇಳಿಸುತ್ತದೆ. ಆದ್ದರಿಂದ ‘ಬೇಕಾದಾಗ ಕೇಳುತ್ತೆ, ಬೇಡದಾಗ ಕಿವುಡ’ ಎಂಬ ಹೆಸರು ಅವನಿಗೆ ಕಾಯಂ ಆಗಿತ್ತು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಪ, ತ, ಕದಂಥ ಮೆಲು ವ್ಯಂಜನಗಳೇ ಕಿವಿಗೆ ಸರಿಯಾಗಿ ಬೀಳದಿದ್ದರೆ, ಹಲಗೆಯ ಮೇಲಿನ ಗುರುತಿಗೂ ಬಾಯಿಯ ಸದ್ದಿಗೂ ನಂಟು ಕೂಡುವುದಾದರೂ ಹೇಗೆ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ 2013ರಿಂದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕೆಂಬ ಏರ್ಪಾಡಿದೆ. ಬಂದ ದಿನ ಇವನು ಗೈರು, ಕಿವಿ ನೋಯುತ್ತಿತ್ತಂತೆ! ಕೊನೆಗೆ ವಿಷಯ ಹೇಳಿದವಳು ಏಳನೇ ತರಗತಿಯಲ್ಲಿದ್ದ ಅವನ ಅಕ್ಕ. ಔಷಧಿ, ಮುಂದಿನ ಬೆಂಚು, ಅವನ ಮುಖ ನೋಡಿ ಮಾತಾಡುವ ಅಭ್ಯಾಸ: ಇಷ್ಟರಿಂದಲೇ ಬಹಳಷ್ಟು ದಾರಿಗೆ ಬಂತು.

ಇನ್ನೊಬ್ಬ ಯಾದಗಿರಿಯ ಕಡೆಯವನು. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬಂದವರು, ಮನೆ ಎಂದರೆ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಮಳೆಗಾಲದ ಬಿತ್ತನೆಗೆ ಊರಿಗೆ ಹೋಗುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಮೇಸ್ತ್ರಿ ಬೇರೆ ಸೈಟಿಗೆ ಕರೆದರೆ ಅಲ್ಲಿಗೂ ಹೋಗುತ್ತಾರೆ. ಹುಡುಗನಿಗೆ ಯಾವ ತೊಂದರೆಯೂ ಇರಲಿಲ್ಲ, ಶಾಲೆ ಇರಲಿಲ್ಲ ಅಷ್ಟೇ. ಅವನ ಮನೆಮಾತು ಲಂಬಾಣಿ, ಬೀದಿಯ ಮಾತು ಯಾದಗಿರಿ ಕನ್ನಡ, ಪುಸ್ತಕದ್ದು ಮೂರನೆಯ ಭಾಷೆ. ನಮ್ಮ ಕಡೆಯ ಮಕ್ಕಳು ಅವನ ಮಾತಿಗೆ ನಗುತ್ತಿದ್ದರು. ಅವನು ಮಾತು ಬಿಟ್ಟ. ಮಾತು ಬಿಟ್ಟ ಮೇಲೆ ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅಳೆಯುವ ದಾರಿಯೇ ಮುಚ್ಚಿತು.

ಮೂರನೆಯವಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಅವಳು ಮಾತಿನಲ್ಲಿ ಉಳಿದೆಲ್ಲರಿಗಿಂತ ಮುಂದು. ಕತೆ ಹೇಳಿದರೆ ಹಾಗೆ ಹಾಗೇ ತಿರುಗಿ ಹೇಳುತ್ತಿದ್ದಳು, ನಾನು ಬಿಟ್ಟದ್ದನ್ನು ಸೇರಿಸಿ. ಅಂಗಡಿಯ ಲೆಕ್ಕ ಬಾಯಲ್ಲೇ ಆಗುತ್ತಿತ್ತು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಅವಳು ಬೇರೆಯೇ ಹುಡುಗಿ. ಒಂದು ಸಾಲಿಗೆ ಒಂದು ನಿಮಿಷ. ‘ಸೂರ್ಯ’ ಎಂಬ ಮಾತು ಬಂದರೆ ಅಲ್ಲೇ ನಿಂತುಬಿಡುತ್ತಿದ್ದಳು. ಅವಳು ಅಲ್ಲಿ ನಿಂತದ್ದರಲ್ಲಿ ಅರ್ಥವಿದೆ. ಬಾಯಿಗೆ ‘ರ್’ ಮೊದಲು ಬರುತ್ತದೆ, ‘ಯ’ ಆಮೇಲೆ. ಬರಹದಲ್ಲಿ ‘ಯ’ ಮೊದಲು ಕೂರುತ್ತದೆ, ಅರ್ಕಾವತ್ತು ಅದರ ಬೆನ್ನಿಗೆ. ನಮಗೆ ಅದು ಕಾಣುವುದೇ ಇಲ್ಲ, ಕಣ್ಣು ಪಳಗಿಬಿಟ್ಟಿದೆ. ಅಕ್ಷರದಿಂದ ಅಕ್ಷರಕ್ಕೆ ಹೆಜ್ಜೆಯಿಡುವವಳಿಗೆ ಅದೊಂದು ಹಳ್ಳ.

ಕನ್ನಡ ಓದು ಸುಲಭ, ಬರೆದಂತೆ ಓದುವುದು ತಾನೇ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬರೆದಂತೆ ಓದುವುದು ನಿಜ; ಸುಲಭ ಎನ್ನುವುದು ಬೇರೆ ಮಾತು. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಕಲಿಯಬೇಕಾದ ಆಕಾರಗಳು ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಅದರ ಮೇಲೆ. ಕನ್ನಡ ಕಲಿಯುವ ಮಕ್ಕಳ ಓದನ್ನು ಹತ್ತಿರದಿಂದ ಅಭ್ಯಾಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ಇಂಗ್ಲಿಷಿನ ಅಕ್ಷರಮಾಲೆಯಂತೆ ನಮ್ಮ ಅಕ್ಷರಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಎಳೆಯುತ್ತದೆ. ಹಾಗಿದ್ದ ಮೇಲೆ ಎರಡನೇ ತರಗತಿಯಲ್ಲಿ ತಡವರಿಸುವ ಮಗುವನ್ನು ನೋಡಿ ಇದು ಲಿಪಿಯ ತಡವೋ, ಕಲಿಕೆಯದೇ ತೊಡಕೋ ಎಂದು ಹೇಳುವುದು ಹೇಗೆ? ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಡಿಸ್ಲೆಕ್ಸಿಯಾ ಲಕ್ಷಣಗಳ ಪಟ್ಟಿ ಹಿಡಿದು ಹೊರಟರೆ ಕೈಗೆ ಸಿಗುವುದು ಕಡಿಮೆ. ಬಿ ಅಕ್ಷರವನ್ನು ತಿರುಗಿಸಿ ಡಿ ಎಂದು ಬರೆಯುತ್ತಾರಂತೆ. ನಮ್ಮವರು ತಿರುಗಿಸುವುದಿಲ್ಲ, ಬಿಟ್ಟುಬಿಡುತ್ತಾರೆ. ಒತ್ತು ಬಿಡುತ್ತಾರೆ, ದೀರ್ಘ ಬಿಡುತ್ತಾರೆ. ‘ಅಮ್ಮ’ ಬರೆದರೆ ‘ಅಮ’. ಅದನ್ನು ನೋಡಿದವರಿಗೆ ರೋಗಲಕ್ಷಣ ಕಾಣುವುದಿಲ್ಲ, ಉಡಾಫೆ ಕಾಣುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ, ಆಟಿಸಂ ಇದೆ. ಅದರ 16ನೇ ಸೆಕ್ಷನ್ನು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಕಲಿಸುವ ವಿಧಾನವನ್ನು ಅದಕ್ಕೆ ಹೊಂದಿಸಬೇಕು ಎಂದು ಶಾಲೆಗೇ ಹೊಣೆ ಹೊರಿಸುತ್ತದೆ. ಆದರೆ ಪ್ರಮಾಣಪತ್ರದ ಬಗ್ಗೆ 2018ರಲ್ಲಿ ಬಂದ ಮಾರ್ಗಸೂಚಿ ಮಗುವಿಗೆ ಎಂಟು ತುಂಬಲಿ ಎನ್ನುತ್ತದೆ. ಎರಡಕ್ಕೂ ಅವುಗಳದೇ ತರ್ಕವಿದೆ. ಎಂಟಕ್ಕೆ ಮೊದಲು ಕೊಡುವ ತೀರ್ಪು ತಪ್ಪಾಗುವ ಸಂಭವ ಹೆಚ್ಚು, ನಮ್ಮ ಲಿಪಿಯಲ್ಲಂತೂ ಇನ್ನೂ ಹೆಚ್ಚು. ತೊಂದರೆ ಆಗುವುದು ಎಲ್ಲಿ ಎಂದರೆ, ಶಾಲೆಗಳು ಇದನ್ನು ‘ಚೀಟಿ ಬರುವವರೆಗೆ ಏನೂ ಮಾಡುವಂತಿಲ್ಲ’ ಎಂದು ಓದಿಕೊಳ್ಳುವಲ್ಲಿ. ಚೀಟಿ ಬೇಕಾಗುವ ಜಾಗ ಇದ್ದೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಭಾಷೆಯಲ್ಲಿ ವಿನಾಯಿತಿ ಇವೆಲ್ಲಕ್ಕೂ ಅದು ಬೇಕೇ ಬೇಕು. ಅದಿಲ್ಲದೆ ಹತ್ತನೇ ತರಗತಿಯ ಬಾಗಿಲಲ್ಲಿ ಮುಗ್ಗರಿಸುವ ಮಕ್ಕಳು ಎಷ್ಟೋ. ಆದರೆ ಐದನೇ ತರಗತಿಯ ಈ ಹುಡುಗಿಗೆ ಉತ್ತರವನ್ನು ಬಾಯಲ್ಲಿ ಹೇಳು ಎನ್ನಲು ಯಾವ ವೈದ್ಯಕೀಯ ಮಂಡಳಿಯ ಮೊಹರು ಬೇಕು? ಎಲ್ಲರೆದುರು ಎಬ್ಬಿಸಿ ಓದಿಸದಿರಲು? ಪಾಠವನ್ನು ಮೊದಲೊಮ್ಮೆ ಗೆಳತಿಯಿಂದ ಓದಿಸಿ ಕೇಳಿಸಿಕೊಳ್ಳಲು ಬಿಡಲು?

ಬಾಯಲ್ಲಿ ಕೇಳಿದ ಮೊದಲ ಪರೀಕ್ಷೆಯಲ್ಲಿ ಅವಳು ಪರಿಸರ ಅಧ್ಯಯನದಲ್ಲಿ ತರಗತಿಗೇ ಮೊದಲಿಗಳಾದಳು. ಇದನ್ನು ಗೆಲುವಿನ ಕತೆಯಾಗಿ ಹೇಳುತ್ತಿಲ್ಲ. ಓದು ಈಗಲೂ ಅವಳಿಗೆ ಕಷ್ಟವೇ, ಮುಂದೆಯೂ ಕಷ್ಟವೇ ಇರಬಹುದು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅವಳು ನೀರು ಕುಡಿಯಲು ಹೋಗುವುದು ನಿಂತಿತು. ಹೊಟ್ಟೆನೋವೆಂದು ಸೋಮವಾರ ಮನೆಯಲ್ಲಿ ಉಳಿಯುವುದು ನಿಂತಿತು. ಆಗ ಅನ್ನಿಸಿತು: ಕಲಿಕೆಯ ತೊಡಕು ಒಂದು ಕಡತ, ಮನಸ್ಸಿನ ನೋವು ಇನ್ನೊಂದು ಕಡತ ಎಂದು ನಾವು ಬೇರೆ ಬೇರೆ ಕಟ್ಟಿಡುತ್ತೇವಲ್ಲ, ಅದು ಇಲಾಖೆಯ ಅನುಕೂಲಕ್ಕೆ ಮಾಡಿಕೊಂಡದ್ದು. ಮಗುವಿನೊಳಗೆ ಅಂಥ ಎರಡು ಕಪಾಟುಗಳಿಲ್ಲ. ಓದು ಬಾರದ್ದಕ್ಕೆ ಅಂಜಿಕೆ, ಅಂಜಿದ್ದಕ್ಕೆ ಓದು ಬಾರದು; ಯಾವುದು ಮೊದಲು ಎಂದು ಹುಡುಕುತ್ತ ಕೂತರೆ ಜೂನ್ ಹೋಗಿ ಮಾರ್ಚ್ ಬಂದಿರುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಇಂಥ ಮಕ್ಕಳಿಗಾಗಿಯೇ ಇರುವವರು ಬಿಐಇಆರ್‌ಟಿಗಳು, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ನಮ್ಮ ಶಾಲೆಗೆ ಬರುವವರು ಒಬ್ಬ ಹೆಂಗಸು, ಸ್ಕೂಟಿಯ ಮುಂದೆ ಆಟಿಕೆಗಳ ಚೀಲ ಸಿಕ್ಕಿಸಿಕೊಂಡು. ಮಣಿ ಪೋಣಿಸುವ ದಾರ, ಮರಳು ಕಾಗದ ಅಂಟಿಸಿದ ಅಕ್ಷರಗಳು, ಬಣ್ಣದ ಗುಂಡಿಗಳು. ಅವರ ಪಾಲಿಗೆ ಎಷ್ಟು ಶಾಲೆಗಳಿವೆಯೆಂದರೆ ಒಂದನ್ನು ನೋಡಿ ಮತ್ತೆ ಅದೇ ಶಾಲೆಗೆ ಬರುವಷ್ಟರಲ್ಲಿ ಮಗುವಿಗೆ ಹಲ್ಲು ಬಿದ್ದು ಹೊಸದು ಬಂದಿರುತ್ತದೆ. ಇದರ ಜೊತೆಗೆ ಶಾಲೆಗೇ ಬರಲಾಗದ ತೀವ್ರ ತೊಂದರೆಯ ಮಕ್ಕಳ ಮನೆಗಳಿಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವುದೂ ಅವರದೇ ಕೆಲಸ. ವಿಶೇಷ ಅಗತ್ಯದ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲೇ ಹೇಳಿದೆ. ಆ ಲೆಕ್ಕವನ್ನು ಒಮ್ಮೆ ಇವರೆದುರು ಓದಿದೆ. ನಕ್ಕು, ಸ್ಕೂಟಿ ಸ್ಟಾರ್ಟ್ ಮಾಡಿದರು.

ಅವರು ಬಂದು ಹೋದ ದಿನ ನಾನು ಗಮನಿಸುವುದೊಂದಿದೆ. ಅವರು ಮಗುವಿಗೆ ಏನು ಮಾಡಿಸುತ್ತಾರೆ ಎನ್ನುವುದಕ್ಕಿಂತ ನನ್ನನ್ನು ಏನು ಕೇಳುತ್ತಾರೆ ಎನ್ನುವುದು. ‘ಹೋದ ತಿಂಗಳು ಪೆನ್ಸಿಲ್ ಹೇಗೆ ಹಿಡೀತಿದ್ದ?’ ‘ಗಲಾಟೆ ಮಾಡೋದು ಊಟಕ್ಕೆ ಮುಂಚೆಯೋ ಆಮೇಲೋ?’ ಅವರ ವಿದ್ಯೆಯೆಲ್ಲ ನನ್ನ ಉತ್ತರದ ಮೇಲೆ ನಿಂತಿದೆ. ತಜ್ಞರು ಇವತ್ತಿನ ಮಗುವನ್ನು ನೋಡಬಲ್ಲರು. ನಿನ್ನೆಯದನ್ನು ಯಾರಾದರೂ ಹೇಳಬೇಕು. ಹಾಗೆ ಹೇಳುವವರು ಶಾಲೆಯಲ್ಲಿ ಇದ್ದಾರೆಯೇ ಎಂಬುದೇ ಪ್ರಶ್ನೆ.

ನಾಲ್ಕನೆಯ ಹುಡುಗಿಯ ವಿಷಯದಲ್ಲಿ ಹಾಗೆ ಹೇಳಿದವರು ಅಡುಗೆಯವರು. ಆ ಮಗು ಓದಲು ಬಾರದವಳಾಗಿರಲಿಲ್ಲ, ಓದುವುದನ್ನು ಬಿಟ್ಟವಳು. ಮೂರನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದಳಂತೆ. ಆಗ ಪಾಠ ಮಾಡಿದ್ದವರು ಅತಿಥಿ ಶಿಕ್ಷಕಿ, ಮರುವರ್ಷ ಅವರಿಗೆ ಬೇರೆ ಶಾಲೆ. ನಾಲ್ಕರಲ್ಲಿ ಇದ್ದವರು ಕೌನ್ಸೆಲಿಂಗಿನಲ್ಲಿ ವರ್ಗಾವಣೆಯಾಗಿ ಹೋದರು. ನನ್ನ ಕೈಗೆ ಬಂದಾಗ ಅವಳು ಸುಮ್ಮನೆ ಕೂರುವ, ಯಾರಿಗೂ ತೊಂದರೆ ಕೊಡದ, ಆದ್ದರಿಂದ ಯಾರ ಕಣ್ಣಿಗೂ ಬೀಳದ ಒಬ್ಬ ಹುಡುಗಿ. ಮಧ್ಯಾಹ್ನ ಸಾಂಬಾರು ಬಡಿಸುವಾಗ ಅಡುಗೆಯ ಅಮ್ಮ ನನ್ನ ಹತ್ತಿರ ಬಂದು, ‘ಈ ಮಗ ಮೊದ್ಲು ಎರಡ್ ಸಲ ಹಾಕಿಸ್ಕೋತಿತ್ತು ಮೇಡಂ, ಈಗ ಮೊಟ್ಟೇನೂ ಪಕ್ಕದೋಳಿಗೆ ಕೊಟ್ಬುಡ್ತದೆ’ ಎಂದರು.

ಕರ್ನಾಟಕದಲ್ಲಿ ಬಿಸಿಯೂಟ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾದಾಗ ಅದು ಹಸಿವಿನ ಲೆಕ್ಕ, ಹಾಜರಾತಿಯ ಲೆಕ್ಕವಾಗಿತ್ತು. ಈಗಲೂ ಕಾಗದದಲ್ಲಿ ಅಷ್ಟೇ: ಅಕ್ಕಿ ಎಷ್ಟು ಗ್ರಾಂ, ಬೇಳೆ ಎಷ್ಟು ಗ್ರಾಂ. ಆದರೆ ಶಾಲೆಯಲ್ಲಿ ಪ್ರತಿ ಮಗುವನ್ನೂ ಪ್ರತಿ ದಿನ ಒಬ್ಬೊಬ್ಬರಾಗಿ, ಮುಖ ನೋಡಿ, ಕೈ ನೋಡಿ ಎದುರುಗೊಳ್ಳುವ ಜಾಗ ಒಂದೇ, ಅದು ಊಟದ ಸಾಲು. ಮೇಷ್ಟ್ರು ತರಗತಿಯನ್ನು ಒಟ್ಟಾಗಿ ನೋಡುತ್ತಾರೆ. ಹೆಡ್ಮಾಸ್ಟರು ಸಂಖ್ಯೆಯನ್ನು ನೋಡುತ್ತಾರೆ. ಸೌಟು ಹಿಡಿದವರು ಮಾತ್ರ ಒಂದೊಂದೇ ತಟ್ಟೆಯನ್ನು ನೋಡುತ್ತಾರೆ. ಸೋಮವಾರ ಯಾರು ಅವಸರಪಟ್ಟು ತಿನ್ನುತ್ತಾರೆ, ಅಂದರೆ ಭಾನುವಾರ ಮನೆಯಲ್ಲಿ ಏನಾಗಿತ್ತು. ಯಾರ ಕೈ ಮೇಲೆ ಬರೆ ಇದೆ. ಯಾರು ಗೆಳತಿಯರ ಪಕ್ಕ ಬಿಟ್ಟು ಗೋಡೆಯ ಕಡೆ ಕೂತಿದ್ದಾರೆ. ತಿಂಗಳಿಗೆ ಐದು ಸಾವಿರ ರೂಪಾಯಿಯನ್ನೂ ಮುಟ್ಟದ ಗೌರವಧನದ ಈ ಹೆಂಗಸರನ್ನು ಶಾಲೆಯ ಯಾವ ಸಭೆಗೂ ಕರೆಯುವುದಿಲ್ಲ. ಕರೆದರೂ ಟೀ ಮಾಡಲು. ಶಿಕ್ಷಕರು ಊರು ಬಿಡುತ್ತಾರೆ, ಅವರು ಬಿಡುವುದಿಲ್ಲ. ನಮ್ಮ ಶಾಲೆಯ ಅಡುಗೆಯವರು ಆ ಹುಡುಗಿಯ ಅಮ್ಮನನ್ನೂ ಬಲ್ಲರು, ಅವರು ಗಾರ್ಮೆಂಟ್ಸಿನ ಕೆಲಸ ಕಳೆದುಕೊಂಡದ್ದನ್ನೂ, ಅಪ್ಪ ಮನೆಗೆ ಬರುವ ಹೊತ್ತನ್ನೂ.

ಅಷ್ಟು ತಿಳಿದ ಮೇಲೆ ಏನು ಮಾಡಬೇಕು? ಇಲ್ಲಿ ನಮ್ಮ ಒಳ್ಳೆಯತನವೇ ನಮಗೆ ಅಡ್ಡ ಬರುತ್ತದೆ. ಮಗುವನ್ನು ಪಕ್ಕಕ್ಕೆ ಕರೆದು ‘ಏನಾಯ್ತು ಹೇಳು, ಹೆದರಬೇಡ, ಯಾರಿಗೂ ಹೇಳಲ್ಲ’ ಎಂದುಬಿಡುತ್ತೇವೆ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಶಿಕ್ಷಕರು ಕೊಡುವ ಹಾಗಿಲ್ಲ. ಮಗು ಹೇಳಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಮಾತು ಕೊಟ್ಟು ಮುರಿದ ದೊಡ್ಡವರ ಪಟ್ಟಿ ಆ ಮಗುವಿನ ಬಳಿ ಈಗಾಗಲೇ ಉದ್ದವಿರುತ್ತದೆ. ನಾನು ಮಾಡಿದ್ದು ಬಹಳ ಸಣ್ಣದು. ಶಾಲೆಯ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ಅವಳಿಗೆ ಕೊಟ್ಟೆ, ನಾನೂ ಜೊತೆಗೆ ನಿಂತೆ. ಎದುರುಬದುರು ಕೂತರೆ ಮಗುವಿಗೆ ಅದು ವಿಚಾರಣೆ. ಇಬ್ಬರೂ ಒಂದೇ ಕಡೆ ನೋಡುತ್ತ ಕೈಕೆಲಸ ಮಾಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ, ಬಾರದಿದ್ದರೂ ಅಡ್ಡಿಯಿಲ್ಲ. ಬಂದಾಗ ಬಂದದ್ದು ನಾನು ಊಹಿಸಿದ್ದಕ್ಕಿಂತ ಕಡಿಮೆ ಭಯಂಕರ, ಆದರೆ ಅವಳಿಗೆ ಹೆಚ್ಚು ಭಾರ: ರಾತ್ರಿ ಅಪ್ಪ ಬರುವವರೆಗೆ ತಮ್ಮನನ್ನು ಮಲಗಿಸದೆ ಕಾಯುತ್ತಿದ್ದಳು, ಜಗಳ ಶುರುವಾದರೆ ಎತ್ತಿಕೊಂಡು ಪಕ್ಕದ ಮನೆಗೆ ಓಡಲು. ಹತ್ತು ವರ್ಷದ ಮಗುವಿಗೆ ರಾತ್ರಿ ಪಾಳಿ. ಬೆಳಿಗ್ಗೆ ಅವಳಿಗೆ ಸಮಾಸ ಹೇಳಿಕೊಡಲು ನಾನು ಹೊರಟಿದ್ದೆ.

1098 ಇದೆ, ಮಕ್ಕಳ ಸಹಾಯವಾಣಿ. 2022ರಿಂದ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನ ಮಕ್ಕಳ ವಿಭಾಗ ನಮಗೆ ಒಂದು ಬಸ್ಸಿನ ದೂರ, ಬೀದರಿನವರಿಗೆ ಒಂದು ರಾತ್ರಿಯ ದೂರ. ಇವೆಲ್ಲ ಬೇಕು, ಇನ್ನೂ ಹೆಚ್ಚು ಬೇಕು. ಗೋಡೆಯ ಮೇಲೆ ಈ ನಂಬರುಗಳನ್ನು ಬರೆಸಿದ್ದೇವೆ, ಕೆಳಗೆ ದೂರು ಪೆಟ್ಟಿಗೆಯನ್ನೂ ಇಟ್ಟಿದ್ದೇವೆ. ಪೆಟ್ಟಿಗೆ ಕೇಳುವುದು ಒಂದೇ, ಬರೆಯಲು ಬರಬೇಕು. ನನ್ನ ನಾಲ್ವರಲ್ಲಿ ಯಾರೂ ಅದಕ್ಕೆ ಚೀಟಿ ಹಾಕಲಾರರು. ಶಾಲೆಯಲ್ಲಿ ಅತ್ಯಂತ ಹೆಚ್ಚು ಹೇಳಿಕೊಳ್ಳಬೇಕಾದವರೇ ಹೇಳಿಕೊಳ್ಳಲಾಗದ ರೀತಿಯಲ್ಲಿ ನಾವು ಏರ್ಪಾಡು ಮಾಡಿದ್ದೇವೆ ಎಂಬುದನ್ನು ಆ ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಹಾದುಹೋಗುವಾಗೆಲ್ಲ ನೆನೆಯುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೋಲು ಬಹುಮಟ್ಟಿಗೆ ಮರೆಯಾಗಿದೆ. ನಾಲಿಗೆ ಎಲ್ಲಿ ಹೋಗುತ್ತದೆ? ಗಂಟಲೆತ್ತಿ ಬೈದರೆ ಮಾತ್ರ ಕಿರುಕುಳ ಎಂದಲ್ಲ. ‘ಪಾಪ, ಅವಳ ಕೈಲಿ ಆಗಲ್ಲ ಬಿಡಿ’ ಎಂದು ಅವಳೆದುರೇ ಮರುಕದಿಂದ ಆಡಿದ ಮಾತೂ ಮಗುವಿನೊಳಗೆ ಹೋಗಿ ಕೂರುತ್ತದೆ. ಬೈಗುಳಕ್ಕೆ ಎದುರು ನಿಲ್ಲುವ ಮಕ್ಕಳಿದ್ದಾರೆ, ಮರುಕಕ್ಕೆ ಎದುರು ನಿಲ್ಲುವ ಮಗುವನ್ನು ನಾನು ನೋಡಿಲ್ಲ.

ನಿನ್ನೆಯನ್ನು ತಿಳಿಯುವ ಅವಕಾಶ ನಮಗೆ ಒಮ್ಮೆ ಸಿಕ್ಕಿತ್ತು, ಅದೂ ನಾವು ಬೇಡದೆ. ಕೊರೊನಾದಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ನಡುವೆ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಶಿಕ್ಷಕರೇ ಕೇರಿಗೆ ಹೋಗಬೇಕು. ಜಗುಲಿಯ ಮೇಲೆ, ಅರಳಿಕಟ್ಟೆಯಲ್ಲಿ, ಗುಡಿಯ ಮುಂದೆ, ದನದ ಕೊಟ್ಟಿಗೆಯ ಪಕ್ಕ ಪಾಠ. ಅದರ ಸಾಧಕ ಬಾಧಕಗಳ ಬಗ್ಗೆ ಆಗ ಬೇಕಾದಷ್ಟು ಜಗಳವಾಯಿತು, ಸೋಂಕಿನ ಭಯದಲ್ಲಿ ನಡುವೆ ನಿಂತೂ ಹೋಯಿತು. ಕಲಿಕೆ ಎಷ್ಟಾಯಿತೋ, ಅದರ ಬಗ್ಗೆ ನನಗೆ ದೊಡ್ಡ ಭ್ರಮೆಯಿಲ್ಲ. ಆದರೆ ಎಷ್ಟೋ ವರ್ಷ ಪಾಠ ಮಾಡಿದವರು ಮೊದಲ ಸಲ ಮಕ್ಕಳ ಮನೆಯ ಬಾಗಿಲಲ್ಲಿ ಕೂತರು. ಹೋಂವರ್ಕ್ ಏಕೆ ಆಗಿಲ್ಲ ಎಂಬುದಕ್ಕೆ ಉತ್ತರ ಒಂದೇ ಬಲ್ಬಿನ ಒಂದೇ ಕೋಣೆಯ ರೂಪದಲ್ಲಿ ಎದುರಿಗಿತ್ತು. ತರಗತಿಯಲ್ಲಿ ಪುಂಡನಾಗಿದ್ದವನು ಹಾಸಿಗೆ ಹಿಡಿದ ಅಜ್ಜಿಗೆ ತುತ್ತು ತಿನ್ನಿಸುತ್ತಿದ್ದ. ಶಾಲೆ ತೆರೆದ ಮೇಲೆ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವೇ ಬಂತು, ಬಿಟ್ಟುಹೋದ ಪಾಠ ತುಂಬಲು. ಜಗುಲಿಯಲ್ಲಿ ಕಂಡದ್ದನ್ನು ಇಟ್ಟುಕೊಳ್ಳಲು ಮಾತ್ರ ಯಾವ ಹಾಳೆಯೂ ಬರಲಿಲ್ಲ.

ಇದಕ್ಕೂ ಹಿಂದಿನ ಒಂದು ಏರ್ಪಾಡಿನ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ ನಲಿಕಲಿ. ಕಾರ್ಡು, ಕಲಿಕಾ ಏಣಿ, ನೆಲದ ಮೇಲೆ ಗುಂಪುಗಳು. ಬಣ್ಣದ ಕಾರ್ಡು, ಹಾಡು ಎಂದಷ್ಟೇ ಅದನ್ನು ಹೊಗಳುವವರು, ಗದ್ದಲ ಎಂದು ತೆಗಳುವವರು ಇಬ್ಬರೂ ಅದರ ತಿರುಳನ್ನು ಬಿಟ್ಟುಬಿಡುತ್ತಾರೆ. ಒಂದು ವಾರ ಗೈರಾದ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಹಿಂದೆ ಬಿದ್ದೆ ಎಂಬ ಮಾತೇ ಅಲ್ಲಿಲ್ಲ. ಕೆಲವು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಕೆಲವಕ್ಕೆ ಗೆಳೆಯರ ನೆರವು, ಕೆಲವರು ತಾವೇ. ನೆರವು ಬೇಕೆನ್ನುವುದು ಅಲ್ಲಿ ಅವಮಾನವಲ್ಲ, ಕೂರುವ ಜಾಗ ಅಷ್ಟೇ. ಯಾದಗಿರಿಯ ಆ ಹುಡುಗ ಮೂರರವರೆಗೆ ಹೇಗೋ ತೇಲಿಕೊಂಡು ಬಂದದ್ದು ಇದರಿಂದಲೇ. ನಾಲ್ಕನೇ ತರಗತಿಗೆ ಬೆಂಚು ಬರುತ್ತದೆ, ಪಠ್ಯಪುಸ್ತಕ ಬರುತ್ತದೆ, ಎಲ್ಲರೂ ಅದೇ ದಿನ ಅದೇ ಪುಟದಲ್ಲಿರಬೇಕು. ಏಣಿಯನ್ನು ಅಲ್ಲಿಗೆ ಯಾರೋ ಎಳೆದುಕೊಂಡುಬಿಡುತ್ತಾರೆ. ಲಿಪಿ ಇನ್ನೂ ಕೈವಶವಾಗದ ವಯಸ್ಸು ಅದು ಎಂಬುದನ್ನು ಮೇಲೆಯೇ ಹೇಳಿದೆ.

ತಂದೆತಾಯಿಯರ ಬಗ್ಗೆ ಒಂದು ಮಾತು. ಮಗುವನ್ನು ತಪಾಸಣೆಗೆ ಕರೆದೊಯ್ಯಿರಿ ಎಂದಾಗ ಆ ಮೂರನೆಯ ಹುಡುಗಿಯ ತಾಯಿ ಸಿಟ್ಟಾದರು. ‘ನನ್ನ ಮಗಳಿಗೆ ಹುಚ್ಚಾ? ನಾಳೆ ಯಾರು ಮದುವೆ ಆಗ್ತಾರೆ?’ ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆಕೆ ತನ್ನ ಜಗತ್ತನ್ನು ನನಗಿಂತ ಚೆನ್ನಾಗಿ ಬಲ್ಲರು. ಅಲ್ಲಿ ಒಮ್ಮೆ ಅಂಟಿದ ಹೆಸರು ಬಿಡುವುದಿಲ್ಲ. ನಗರದ ಇನ್ನೊಂದು ತುದಿಯಲ್ಲಿ ಲಕ್ಷ ಕೊಟ್ಟು ಸೇರಿಸಿದ ಶಾಲೆಗಳೂ ಇಂಥ ಮಗು ಕಂಡರೆ ‘ನಿಮ್ಮ ಮಗುವಿಗೆ ಇನ್ನೂ ಒಳ್ಳೆಯ ಶಾಲೆ ನೋಡಿ’ ಎಂದು ನಯವಾಗಿ ಟಿಸಿ ಕೊಡುವುದುಂಟು. ಅಲ್ಲಿಯ ತಾಯಂದಿರ ಭಯವೂ ಇದೇ, ಇಂಗ್ಲಿಷಿನಲ್ಲಿ. ನಾನು ಆಕೆಗೆ ಕಾಯಿಲೆಯ ಹೆಸರು ಹೇಳಲಿಲ್ಲ, ಮಗಳು ಕತೆ ಹೇಳುವುದನ್ನು ಕೂತು ಕೇಳಿ ಎಂದೆ. ಕೇಳಿದ ಮೇಲೆ ಆಕೆಯೇ ಕೇಳಿದರು: ಇಷ್ಟು ಬರುವವಳಿಗೆ ಅದು ಯಾಕೆ ಬರಲ್ಲ? ತಪಾಸಣೆ ಆ ಪ್ರಶ್ನೆಯಿಂದ ಶುರುವಾಗಬೇಕು, ನಮ್ಮ ಸಂಶಯದಿಂದಲ್ಲ.

ಇಷ್ಟೆಲ್ಲ ಹೇಳಿದರೆ ಕೊನೆಗೆ ಎಲ್ಲವೂ ಶಿಕ್ಷಕರ ಒಳ್ಳೆಯ ಮನಸ್ಸಿಗೆ ಬಂದು ನಿಲ್ಲುತ್ತದೆ ಎಂದು ಯಾರಾದರೂ ತಿಳಿದರೆ ನನಗೆ ಬೇಸರವಾಗುತ್ತದೆ. ಒಳ್ಳೆಯ ಮನಸ್ಸಿನ ಕೊರತೆ ನಮ್ಮ ಶಾಲೆಗಳಲ್ಲಿ ಅಂಥ ದೊಡ್ಡದೇನಲ್ಲ. ಕೊರತೆಯಿರುವುದು ಹೊತ್ತಿಗೆ, ಮತ್ತು ಅದೇ ಮಕ್ಕಳ ಜೊತೆ ಅದೇ ಜನ ಇರುವುದಕ್ಕೆ. ಮತದಾರರ ಪಟ್ಟಿ ನಮ್ಮದು, ಸಮೀಕ್ಷೆ ನಮ್ಮದು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ನಾವು ಮನೆಮನೆಯ ಬಾಗಿಲು ತಟ್ಟಿದೆವು, ಮಕ್ಕಳು ಶಾಲೆಯ ಬಾಗಿಲು ತೆರೆಯಲು ಕಾದರು. ಸಮೀಕ್ಷೆ ಬೇಡವೆಂದಲ್ಲ, ಅದರಿಂದ ಆ ಕೇರಿಗಳಿಗೇ ಒಳಿತಾಗಬಹುದು. ಆದರೆ ಒಂದು ಮಗುವಿನಲ್ಲಿ ಆದ ಬದಲಾವಣೆ ಕಾಣಬೇಕಾದರೆ ಅದನ್ನು ದಿನವೂ ನೋಡುತ್ತಿರಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಹತ್ತು ತಿಂಗಳ ಅತಿಥಿ ಶಿಕ್ಷಕರಿಂದ ಶಾಲೆ ನಡೆಸುತ್ತ, ವರ್ಷಕ್ಕೊಂದು ದಿನ ‘ಮಕ್ಕಳ ಮಾನಸಿಕ ಆರೋಗ್ಯ’ದ ತರಬೇತಿ ಕೊಟ್ಟರೆ ಅದು ಬಿತ್ತನೆ ಬೀಜವನ್ನೇ ಬೇಯಿಸಿ ಬಡಿಸಿದಂತೆ.

ಮಗು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವಾಗ ಅದರ ಜೊತೆ ಹೋಗುವ ಕಾಗದಗಳನ್ನು ನೋಡಿ. ಹುಟ್ಟಿದ ದಿನಾಂಕ, ಜಾತಿ, ಆಧಾರ್, ಗ್ರೇಡು, ಸ್ಯಾಟ್ಸ್ ಸಂಖ್ಯೆ. ಗದ್ದಲಕ್ಕೆ ಹೆದರುತ್ತಾನೆ, ಎಡಗಿವಿ ಕೇಳಿಸದು, ಚಿತ್ರ ಬಿಡಿಸಲು ಕೊಟ್ಟರೆ ಸಮಾಧಾನವಾಗುತ್ತಾನೆ ಎಂಬುದು ಯಾವುದರಲ್ಲೂ ಇಲ್ಲ. ಹೋದ ವರ್ಷದಿಂದ ನಾನು ನನ್ನ ತರಗತಿ ಬಿಟ್ಟುಕೊಡುವಾಗ ಕೆಲವು ಮಕ್ಕಳ ಬಗ್ಗೆ ಒಂದೊಂದು ಪುಟ ಬರೆದು ಮುಂದಿನವರ ಕೈಗೆ ಕೊಡುತ್ತಿದ್ದೇನೆ. ಏನು ಬರುವುದಿಲ್ಲ ಎಂಬುದನ್ನು ಕೊನೆಗೆ, ಎರಡು ಸಾಲಿನಲ್ಲಿ. ಏನು ಮಾಡಿದರೆ ಮುಖ ಅರಳುತ್ತದೆ ಎಂಬುದು ಮೊದಲಿಗೆ. ಮನೆಯ ಗುಟ್ಟುಗಳನ್ನು ಬರೆಯುವುದಿಲ್ಲ, ಅದನ್ನು ನನಗೆ ಹೇಳಿದ್ದು, ಹಾಳೆಗಲ್ಲ. ಕೊಡುವ ಮೊದಲು ಅಡುಗೆಯ ಅಮ್ಮನಿಗೆ ಓದಿ ಹೇಳುತ್ತೇನೆ, ಅವರು ತಿದ್ದುತ್ತಾರೆ. ಕ್ಲಸ್ಟರ್ ಸಭೆಯಲ್ಲಿ ಇದನ್ನು ಹೇಳಿದಾಗ ಮೆಚ್ಚಿದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೊಬ್ಬರು, ಇದಕ್ಕೊಂದು ನಮೂನೆ ಮಾಡಿ ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿಸೋಣ ಮೇಡಂ, ಆ್ಯಪಿನಲ್ಲಿ ಅಪ್‌ಲೋಡ್ ಮಾಡಬಹುದು ಎಂದರು. ದಯವಿಟ್ಟು ಬೇಡ ಎಂದು ಕೈಮುಗಿದೆ.